ಎದುರುಬದುರು ಸೀಟಿನ ವ್ಯಾನು

ಅಕ್ಕಾ,

ಇವತ್ತು ಹಳೆಯ ವ್ಯಾನೊಂದನ್ನು ಕೊಂಡು ತಂದೆವು. ಭಾವನ ಹಿಂದೆಯೇ ನೀನೂ ತೀರಿಕೊಂಡ ಮೇಲೆ ನಿನ್ನ ಮೂವರು ಮಕ್ಕಳೂ ನಮ್ಮ ಮನೆಗೇ ಬಂದಿದ್ದಾರೆ. ನನ್ನ ನಾಲ್ವರು, ನಾವಿಬ್ಬರು, ಅತ್ತೆ ಎಲ್ಲ ಸೇರಿ ಹತ್ತು ಜನ. ಎಲ್ಲಿಗೆ ಹೊರಟರೂ ನಿನ್ನ ದೊಡ್ಡವಳು, "ನೀವು ಕಾರಲ್ಲಿ ಹೋಗಿ ಚಿಕ್ಕಮ್ಮ, ನಾವು ಮೂವರೂ ಬಸ್ಸಲ್ಲಿ ಬರ್ತೀವಿ" ಎನ್ನುತ್ತಿದ್ದಳು. ಅದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು.

ವ್ಯಾನು ಮಾರಿದವರು ಒಬ್ಬ ಮುದುಕ ಬಡಗಿ. ಹಿಂದಿನ ಎರಡು ಸಾಲುಗಳನ್ನು ಎದುರುಬದುರಾಗಿ ತಾವೇ ಕೂರಿಸಿದ್ದರು. ಅದನ್ನು ನೋಡಿ ನಮ್ಮ ಯಜಮಾನರು ಮೂಗು ಮುರಿದರು.

"ಇದನ್ನ ಮುಂದಕ್ಕೆ ತಿರುಗಿಸಿ ಕೊಡ್ತೀರಾ?"

"ಕೊಡೋಣ ಸ್ವಾಮಿ. ಮನೆ ತನಕ ಒಂದ್ಸಲ ಹೀಗೇ ಓಡಿಸಿ ನೋಡಿ."

ದೊಡ್ಡವರು ಮುಂದೆ ಕುಳಿತೆವು. ಹಿಂದೆ ಒಂದು ಸಾಲಿನಲ್ಲಿ ನನ್ನ ಮಕ್ಕಳು, ಎದುರಿಗೆ ನಿನ್ನವರು. ಅರ್ಧ ದಾರಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಒಂದು ತಿರುವಿನಲ್ಲಿ ನನ್ನ ದೊಡ್ಡ ಮಗನ ಮೊಣಕಾಲು ನಿನ್ನ ದೊಡ್ಡವಳಿಗೆ ಬಡಿಯಿತು.

"ಏಯ್ ಕೊಕ್ಕರೆ, ಕಾಲು ಮಡಚ್ಕೊಳೋ! ವ್ಯಾನೇನು ನಿಮ್ಮಪ್ಪಂದಾ?"

"ಹೂಂ, ನಮ್ಮಪ್ಪಂದೇ!"

ನಾನು ಥಟ್ಟನೆ ಹಿಂದಕ್ಕೆ ತಿರುಗಿದೆ. ಅವಳು ಅವನ ಮೊಣಕಾಲನ್ನು ಕೈಯಿಂದ ಆಚೆ ತಳ್ಳಿದಳು.

"ನಮ್ಮ ಚಿಕ್ಕಪ್ಪಂದೂ ಹೌದು. ಮಡಚು ಕಾಲು!"

ಎಲ್ಲರೂ ಗೊಳ್ಳೆಂದು ನಕ್ಕರು. ಆ ಗದರಿಕೆ ಥೇಟ್ ನಿನ್ನದೇ ಅಕ್ಕಾ. ನೀನೂ ನಾನೂ ಮಾತು ಬಿಟ್ಟ ಆರು ವರ್ಷಗಳಲ್ಲಿ ಆ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮನೆಯ ಬೀದಿ ಬಂದಾಗ ಯಜಮಾನರು ವ್ಯಾನು ತಿರುಗಿಸಲು ಹೋದರು.

"ನೇರಕ್ಕೆ ಹೋಗಿ. ಇನ್ನೊಂದು ಸುತ್ತು ಹಾಕ್ಕೊಂಡು ಬರೋಣ" ಎಂದೆ.