ಹೆಸರು ಹೇಳಿ ಮಾಡಿದ ಪ್ರಾರ್ಥನೆ

ಪ್ರೀತಿಯ ಎಸ್ತೇರಕ್ಕ,

ಬರುವ ಕ್ರಿಸ್‌ಮಸ್ಸಿಗೆ ನೀನು ಕರ್ತನ ಬಳಿಗೆ ಹೋಗಿ ಎರಡು ವರ್ಷ. ಅಲ್ಲಿಗೆ ಟಪಾಲು ಹೋಗುವುದಿಲ್ಲ ಎಂದು ಬಲ್ಲೆ. ಆದರೂ ಈ ಸುದ್ದಿ ನಿನಗೆ ಹೇಳದೆ ನನಗೆ ಅರಗುವುದಿಲ್ಲ.

ಎಪ್ಪತ್ತೆಂಟರ ಬೇಸಿಗೆ ನೆನಪಿದೆಯೇ? ಸವಣೂರಿನಲ್ಲಿ ಆಗ ನಮ್ಮ ಸಭೆಯವರದು ಹನ್ನೆರಡೇ ಮನೆ. ಗುರುವಾರ ಮಧ್ಯಾಹ್ನ ಹೆಂಗಸರ ಕೂಟ. ಪ್ರತಿಯೊಬ್ಬರೂ ಒಂದು ಪ್ರಾರ್ಥನೆಯ ವಿಷಯ ಹೇಳಬೇಕು. ಉಳಿದವರು ಮಕ್ಕಳ ಪರೀಕ್ಷೆ, ಮೊಣಕಾಲು ನೋವು ಎನ್ನುತ್ತಿದ್ದರೆ ಆ ದಿನ ನನ್ನ ಬಳಿ ದೊಡ್ಡ ವಿಷಯವಿತ್ತು. ಪಕ್ಕದ ಮನೆಯ ನೀಲವ್ವನ ಮಗಳನ್ನು ಗಂಡ ಬಿಟ್ಟಿದ್ದ. ಓಣಿಗೆಲ್ಲ ಬಾಣಂತನಕ್ಕೆ ಬಂದಿದ್ದಾಳೆ ಎಂದಿದ್ದ ನೀಲವ್ವ, ಹಿತ್ತಲಿನಲ್ಲಿ ನನಗೊಬ್ಬಳಿಗೇ ನಿಜ ಹೇಳಿ ಅತ್ತಿದ್ದಳು. ನಾನು ಕಣ್ಣು ಮುಚ್ಚಿ, ತಾಯಿಯ ಹೆಸರು, ಮಗಳ ಹೆಸರು, ಅಳಿಯನ ಊರು, ಅವನು ಇಟ್ಟುಕೊಂಡವಳ ಹೆಸರನ್ನೂ ಬಿಡದೆ ಪ್ರಾರ್ಥಿಸಿದೆ. ಪ್ರೀತಿಯಿಂದಲೇ, ಅಕ್ಕಾ. ಆದರೆ ಕಿಟಕಿ ತೆರೆದಿತ್ತು, ಕೂತವರಿಗೂ ಕಿವಿಗಳಿದ್ದವು...

ಮರುದಿನ ನಳದ ಹತ್ತಿರ ನೀಲವ್ವ ಕೊಡ ಕೆಳಗಿಟ್ಟು ನನ್ನ ಮುಖ ನೋಡಿದಳು. ಬೈಯಲಿಲ್ಲ. “ನನ್ನ ಮಗಳ ಸುದ್ದಿ ನಿಮ್ಮ ದೇವ್ರಿಗೆ ನೀ ಹೇಳಿದ ಮ್ಯಾಲ ಗೊತ್ತಾತೇನ?” ಎಂದು ಕೇಳಿ ಹೋದಳು. ಅಂದಿನಿಂದ ಅವಳ ಬಾಗಿಲು ನನ್ನ ಪಾಲಿಗೆ ಮುಚ್ಚಿತು.

ಅಳುತ್ತ ನಿನ್ನಲ್ಲಿಗೆ ಓಡಿ ಬಂದೆ. ನೀನು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. “ಕಣ್ಣ ಮುಚ್ಚಿಕೊಂಡು ಚಾಡಿ ಹೇಳಿದ್ರೂ ಅದು ಚಾಡೀನ, ಸಾರಾ” ಎಂದೆ. ಕ್ಷಮೆ ಕೇಳಿ ಬರುತ್ತೇನೆ ಎಂದು ನಾನು ಎದ್ದರೆ ನೀನು ಕೈ ಹಿಡಿದು ಕೂರಿಸಿದೆ. “ಬಾಯಿಲೆ ಮಾಡಿದ್ದನ್ನ ಬಾಯಿಲೆ ಒರಸಾಕ ಹೋಗಬ್ಯಾಡ. ಕೈ ಅದಾವಲ್ಲ?”

ಅದೇ ವಾರ ನೀಲವ್ವನ ಗಂಡ ಎಲೆತೋಟದ ಏಣಿಯಿಂದ ಬಿದ್ದು ಕೈ ಮುರಿದುಕೊಂಡ. ಕೊಯ್ದ ವೀಳ್ಯದೆಲೆ ಮನೆಯಲ್ಲಿ ರಾಶಿ ಬಿದ್ದಿತ್ತು. ಬೆಳಗಾದರೆ ಶಿಗ್ಗಾಂವಿಯ ಸಂತೆ. ಮಗಳು ಹಸಿ ಬಾಣಂತಿ. ನೀನು ಕೂಟದ ಮೂವರನ್ನು ಕರೆದುಕೊಂಡು, ನನ್ನನ್ನೂ ಎಳೆದುಕೊಂಡು ಅವಳ ಪಡಸಾಲೆಗೆ ಹೋಗಿ ಕೇಳದೆಯೇ ಕುಳಿತುಬಿಟ್ಟೆ. ನಮಗೋ ಎಲೆ ತಿಂದು ಗೊತ್ತು, ಕಟ್ಟಿ ಗೊತ್ತಿಲ್ಲ. ನಾವು ನಾಲ್ಕೈದು ಹರಿದ ಮೇಲೆ ನೀಲವ್ವನಿಗೆ ತಡೆಯಲಾಗಲಿಲ್ಲ. “ನಿಮ್ಮ ದೇವ್ರ ಪುಸ್ತಕದ ಹಾಳೀನೂ ಹಿಂಗ ತಿರುವ್ತೀರೇನ್ರಿ? ಮೆಲ್ಲಕ” ಎಂದಳು. ಕೆಲಸ ಮುಗಿದಾಗ ಎಲ್ಲರಿಗೂ ಚಹಾ ಬಂತು, ನನಗೆ ಬರಲಿಲ್ಲ. ನೀನು ನಿನ್ನದರಲ್ಲಿ ಅರ್ಧವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದು ನನ್ನ ಕಡೆ ಸರಿಸಿದೆ. ಆ ಅರ್ಧ ಬಸಿ ಚಹಾ ಇಲ್ಲದಿದ್ದರೆ ನಾನು ಮತ್ತೆ ಆ ಹೊಸ್ತಿಲು ತುಳಿಯುತ್ತಿದ್ದೆನೇ?

ಪ್ರತಿ ಸಂತೆಯ ಹಿಂದಿನ ದಿನ ಹೋದೆವು. ಅವಳ ಗಂಡನ ಕೈ ಕೂಡಿತು, ಉಳಿದವರು ಬಿಟ್ಟರು. ನೀನು ನಿನ್ನ ಕಾಲು ನಡೆಯುವ ತನಕ ಬಂದೆ, ಆಮೇಲೆ ನಾನೊಬ್ಬಳೇ. ವರ್ಷ ಕಳೆದಂತೆ ನೀಲವ್ವ ನನಗೂ ಚಹಾ ಕೊಟ್ಟಳು, ಮಳೆಯ ಮಾತು, ಎಲೆಯ ಮಾತು ಆಡಿದಳು. ಆದರೆ ಒಳಗೆ ಮಗಳ ಜೊತೆ ಏನಾದರೂ ಮಾತಾಡುತ್ತಿದ್ದರೆ, ನಾನು ಬಂದೊಡನೆ ನಿಲ್ಲಿಸುತ್ತಿದ್ದಳು. ನೀನು ಕೊನೆಯ ಬಾರಿ ಹಾಸಿಗೆ ಹಿಡಿದಾಗಲೂ “ನೀಲವ್ವ ಮಾತಾಡಿದಳೇನ?” ಎಂದು ಕೇಳಿದ್ದೆ. ಆಡುತ್ತಾಳೆ ಎಂದೆ ನಾನು. ನೀನು ಕೇಳಿದ್ದು ಆ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕಳೆದ ಸೋಮವಾರ ಜೋಳ ಹಸನು ಮಾಡುತ್ತ ಕೂತಿದ್ದೆ. ನೀಲವ್ವ ತಾನಾಗಿ ಬಂದು ನನ್ನ ಕಟ್ಟೆಯ ಮೇಲೆ ಕುಳಿತಳು. ಬಹಳ ಹೊತ್ತು ಮೊರದಲ್ಲಿನ ಕಾಳು ಆರಿಸಿದಳು. ಆಮೇಲೆ, “ಸಾರವ್ವ, ಒಂದ ಮಾತ ಐತಿ. ನಿನ್ನ ದೇವ್ರ ಮುಂದ ಹೇಳು. ಕೂಟದಾಗ ಬ್ಯಾಡ” ಎಂದಳು. ಎಲ್ಲವನ್ನೂ ಹೇಳಿದಳು.

ಗುರುವಾರ ಕೂಟದಲ್ಲಿ ನನ್ನ ಸರದಿ ಬಂದಾಗ ಒಂದು ಮನೆಯಲ್ಲಿ ಕಷ್ಟವಿದೆ ಎಂದೆ. ಯಾರ ಮನೆ ಎಂದರು. ಅದು ಕರ್ತನಿಗೆ ಗೊತ್ತು ಎಂದೆ. ನೀನಿದ್ದರೆ ನಗುತ್ತಿದ್ದೆ.

ನಾಳೆ ಮೊದಲ ಬಸ್ಸಿಗೆ ನೀಲವ್ವನ ಜೊತೆ ಹಾನಗಲ್ಲಿಗೆ ಹೋಗುತ್ತಿದ್ದೇನೆ. ಯಾಕೆಂದು ನಿನಗೂ ಬರೆಯುವುದಿಲ್ಲ, ಅಕ್ಕಾ.

ನಿನ್ನ
ಸಾರಾ