ಮನಸ್ಸಿನಲ್ಲೇ ಕಟ್ಟಿದ ಪಂದ್ಯ

ಫೆಬ್ರವರಿ 4
ಇವತ್ತೂ ಇಸ್ತ್ರಿ ಮೇಜಿನ ಮೇಲೆ ಫೋನ್. ಡ್ರೈಕ್ಲೀನಿಂಗ್ ಮಾಲೀಕರು ಕೋಟಿನ ತೋಳು ಎತ್ತಿ ತೋರಿಸಿದರು — ಸುಟ್ಟ ಗುರುತು. "ಏನಮ್ಮಾ, ನಿದ್ದೆಯಾ?" ಹೂಂ ಅಂದೆ. ನಿದ್ದೆಯಲ್ಲ, ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿ. ನಮ್ಮವರು ತೀರಿಕೊಂಡ ಮೇಲೆ ಹೊತ್ತು ಹೋಗಲೆಂದು ಶುರು ಮಾಡಿದ್ದು. ಈಗ ಹೊತ್ತೇ ಸಾಲದು.

ಫೆಬ್ರವರಿ 9, ಮಧ್ಯಾಹ್ನ
ಅತ್ತೆಗೆ ಕಣ್ಣಿನ ಆಪರೇಷನ್ ಆಗಿದೆ. ಡ್ರಾಪ್ಸ್ ಹಾಕಬೇಕಿತ್ತು. ಈ ಆಟ ಮುಗಿಯಲಿ, ಇನ್ನೊಂದು ಮುಗಿಯಲಿ...
"ಹಾಕಿದ್ಯೇನೇ?"
"ನೀವು ಮಲಗಿದ್ದಾಗಲೇ ಹಾಕಿದೆನಲ್ಲ."
ಎಷ್ಟು ಸಲೀಸಾಗಿ ಬಂತು ಸುಳ್ಳು.

ಫೆಬ್ರವರಿ 12
ಅತ್ತೆಯ ಕಣ್ಣು ಕೆಂಡ. ಡಾಕ್ಟರು ಡ್ರಾಪ್ಸ್ ಬಾಟಲಿ ಅಲ್ಲಾಡಿಸಿದರು. ತುಂಬಿಯೇ ಇತ್ತು. ಮನೆಗೆ ಬಂದು ಅತ್ತೆ ತಮ್ಮ ಬಟ್ಟೆ ಚೀಲಕ್ಕೆ ತುಂಬುತ್ತಾ — "ಸತ್ತ ಮಗನ ನೆನಪಿನ ಜೊತೆ ಬಾಳಬಹುದು ಕಣೇ. ಬದುಕಿದ್ದೂ ಇಲ್ಲದವಳ ಜೊತೆ ಹೇಗೆ?"
ನಾದಿನಿ ಬಂದು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಕಾರು ತಿರುವು ದಾಟುವ ಮೊದಲೇ ಫೋನ್ ಕೈಯಲ್ಲಿತ್ತು. ಛೀ.

ಫೆಬ್ರವರಿ 14
ಆ್ಯಪ್ ಅಳಿಸಿದೆ. ಊಟದ ಹೊತ್ತಿಗೆ ಮತ್ತೆ ಹಾಕಿದೆ. ಅಣ್ಣ "ಬಿಟ್ಟುಬಿಡು, ಅಷ್ಟೇ" ಅಂದ. ಸೀನು ಬಂದವಳಿಗೆ ಸೀನಬೇಡ ಅಂದ ಹಾಗೆ.

ಫೆಬ್ರವರಿ 20
ಆಟ ಬಿಡಿಸುವ ಸಹಾಯವಾಣಿಗೆ ಫೋನ್ ಮಾಡಿದೆ. ಬರೀ ಸಂಗೀತ, ಆಮೇಲೆ ಲೈನ್ ಕಟ್. ಹಟಕ್ಕೆ ಬಿದ್ದು ಮತ್ತೆ ಮಾಡಿದೆ. ಒಬ್ಬಾಕೆ ಕೇಳಿದಳು — ಸುಳ್ಳು ಹೇಳಿದ್ದೀರಾ? ಬಿಡಲು ನೋಡಿ ಆಗಲಿಲ್ಲವಾ? ಎಲ್ಲಕ್ಕೂ ಹೌದು. "ಇದು ಚಟ ಅಮ್ಮಾ. ಒಬ್ಬರೇ ಬಿಡೋದು ಕಷ್ಟ." ಸಿಟ್ಟು ಬಂತು. ಕುಡುಕರಿಗೆ ಹೇಳುವ ಮಾತು, ನನಗೆ! ಆದರೂ ಆಕೆ ಹೇಳಿದ, ಜೂಜು ಬಿಡಲು ಹೊರಟವರ ಶನಿವಾರದ ಸಭೆಯ ವಿಳಾಸ ಬರೆದುಕೊಂಡೆ.

ಮಾರ್ಚ್ 8
ಹೋದ ವಾರ ಸಭೆಯ ಬಾಗಿಲಿಂದಲೇ ವಾಪಸ್. ಇವತ್ತು ಒಳಗೆ ಕೂತೆ. ಮುಂದೆ ಯಾರು ಮಾತಾಡುತ್ತಾರೆ — ಮನಸ್ಸಿನಲ್ಲೇ ಪಂದ್ಯ ಕಟ್ಟಿದೆ. ಮೀಸೆಯವರು ಅಂತ. ಅವರೇ ಎದ್ದರು. ಗೆದ್ದೆ! ಎದೆ ಹಿಗ್ಗಿತು... ಮರುಕ್ಷಣ ಹೊಳೆಯಿತು. ಫೋನ್ ಚೀಲದಲ್ಲೇ ಇತ್ತು. ಇಷ್ಟು ದಿನ ಅದನ್ನೇ ಬೈದೆನಲ್ಲ.
ನನ್ನ ಸರದಿಗೆ ಇದನ್ನೇ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಲಾರಿ ಡ್ರೈವರ್ ಒಬ್ಬ, "ನೀವು ಬಾಯೇ ಬಿಡಲ್ಲ ಅಂತ ಕಟ್ಟಿದ್ದೆ ಅಕ್ಕಾ. ಸೋತೆ." ಎಲ್ಲರೂ ಗೊಳ್ಳೆಂದರು. ನಾನೂ.

ಮಾರ್ಚ್ 16
ಅತ್ತೆಗೆ ಫೋನ್ ಮಾಡಿದೆ.
"ಬಿಟ್ಯಾ?"
"ಇಲ್ಲ. ಬುಧವಾರ ಆಡಿದೆ. ನಿನ್ನೆ ಸಭೆಯಲ್ಲಿ ಹೇಳಿದೆ."
ಫೋನ್ ಇಟ್ಟುಬಿಡುತ್ತಾರೇನೋ ಅಂದುಕೊಂಡೆ.
"ಬಿಟ್ಟೆ ಅನ್ನಬಹುದಿತ್ತಲ್ಲೇ."
"ಹೂಂ."
"ನಾಳೆ ಡಾಕ್ಟರ ಹತ್ತಿರ ಹೋಗಬೇಕು. ನಿನ್ನ ನಾದಿನಿಗೆ ಪುರುಸೊತ್ತಿಲ್ಲ. ಫೋನ್ ಮನೇಲಿಟ್ಟು ಬಾ."

ಮಾರ್ಚ್ 17, ಆಸ್ಪತ್ರೆ
ಅತ್ತೆ ಒಳಗಿದ್ದಾರೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರುವಾಗ ಬಸ್ಸಿನಲ್ಲಿ ತಮ್ಮ ಮಗನ ಮಾತು ತೆಗೆದರು. ಇಷ್ಟು ದಿನ ಇಬ್ಬರೂ ಎತ್ತಿರಲಿಲ್ಲ. ಅಳು ಬಂತು, ಆಟವೂ ಬೇಕೆನಿಸಿತು. ಎರಡೂ ಒಟ್ಟಿಗೆ. "ಈಗಲೇ ಆಡಬೇಕು ಅನಿಸ್ತಿದೆ ಅತ್ತೆ" ಅಂದೆ. ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.
"ನೋಯ್ತಿದೆ."
"ನೋಯಲಿ."
ಇಳಿಯುವವರೆಗೂ ಬಿಡಲಿಲ್ಲ.
ಒಳಗೆ ನರ್ಸ್ ಕೇಳುತ್ತಿದ್ದಾಳೆ, ಜೊತೆಗೆ ಯಾರು ಬಂದಿದ್ದಾರೆ ಅಂತ. ಅತ್ತೆಯ ದನಿ — "ಸೊಸೆ ಇದ್ದಾಳೆ ಹೊರಗೆ, ಅವಳನ್ನೇ ಕರೀರಿ —"