ರೊಟ್ಟಿಯ ಮೇಲೆ ಎರೆದ ಕೊನೆಯ ವೈನ್

18 ಸೆಪ್ಟೆಂಬರ್ 1939, ಸೋಮವಾರ. ಕೋವೆಲ್ ಬಳಿಯ ಕಾಡು.

ಮತ್ತೆ ಅದೇ ಕೆಂಪು ಸೈನ್ಯ. 1921ರಲ್ಲಿ ನನ್ನನ್ನು ನನ್ನ ಜಾರ್ಜಿಯಾದಿಂದ ಓಡಿಸಿತ್ತು. ನಿನ್ನೆ ಪೋಲೆಂಡಿನ ಗಡಿಯನ್ನೂ ದಾಟಿ ಬಂದಿದೆ. ಸುತ್ತ ದಾರಿಯೇ ಇಲ್ಲ. ನನ್ನ ಪೋಲಿಷ್ ಸಿಪಾಯಿಗಳು ಸಿಕ್ಕರೆ ಸೆರೆ, ಅವರಿಂದ ತಪ್ಪಿಸಿಕೊಂಡು ಬಂದ ಜಾರ್ಜಿಯನ್ ಅಧಿಕಾರಿ ನಾನು ಸಿಕ್ಕರೆ ಅಲ್ಲೇ ಗುಂಡು.

ಬೆಳಿಗ್ಗೆ ಸತ್ತ ಸಿಪಾಯಿ ವ್ರೋನನ ಗುರುತುಪತ್ರವನ್ನು ಹವಾಲ್ದಾರ ಮಾಚೆಯ್ ನನ್ನ ಕೈಗೆ ತುರುಕಿದ.

"ಇನ್ಮೇಲೆ ನೀವೇ ವ್ರೋನ, ಸಾಹೇಬ್ರೇ. ಲುಬ್ಲಿನ್ ಕಡೆ ಕಮ್ಮಾರ."

"ನನ್ನ ಮಾತು ಕೇಳಿದ್ರೆ ಗೊತ್ತಾಗಲ್ವೇನೋ?"

"ಹದಿನೆಂಟು ವರ್ಷ ನಮ್ಮ ಸೈನ್ಯದ ಸೂಪು ಕುಡಿದ್ರಿ, ನಾಲಿಗೆ ಮಾತ್ರ ನಿಮ್ಮ ಬೆಟ್ಟ ಬಿಟ್ಟು ಇಳೀಲೇ ಇಲ್ಲ! ಬಾಯಿ ಬಿಡ್ಬೇಡಿ. ಶೆಲ್ ಬಿದ್ದು ಮೂಗ ಆದ ಅಂತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಜರ್ ಪಟ್ಟಿಯನ್ನು ಹೆಗಲಿನಿಂದ ಬಿಚ್ಚಿದೆ. ಅಪ್ಪನ ಕೋಟೆ ಹೋಯಿತು, ದ್ರಾಕ್ಷಿತೋಟ ಹೋಯಿತು. ಉಳಿದದ್ದು ಅವನಿಟ್ಟ ಹೆಸರೊಂದೇ. ಆ ಹೆಸರಿದ್ದ ಕಾಗದಗಳನ್ನೆಲ್ಲ ಸುಟ್ಟೆ.

ನಮ್ಮ ಜಾರ್ಜಿಯಾದಲ್ಲಿ ಸತ್ತವರ ಹೆಸರು ಹೇಳಿ ರೊಟ್ಟಿಯ ಮೇಲೆ ವೈನ್ ಎರೆಯುತ್ತೇವೆ. ಬಾಟಲಿಯ ತಳದಲ್ಲಿದ್ದದ್ದನ್ನು ಸಂಜೆ ಎರೆದೆ. ಮೊದಲು ವ್ರೋನನಿಗೆ, ಆಮೇಲೆ ಅಪ್ಪನಿಗೆ.

"ಇನ್ನೂ ಒಂದು ಹನಿ ಇದೆಯಲ್ಲ, ಅದ್ಯಾರಿಗೆ?" ಎಂದ ಮಾಚೆಯ್.

"ಎಲಿಜ್ಬಾರನಿಗೆ," ಎಂದೆ.

ಅದು ನನ್ನ ಹೆಸರೆಂದು ಅವನಿಗೆ ಗೊತ್ತು. ಟೋಪಿ ತೆಗೆದ.

ಈಗ ಉಳಿದದ್ದು ಈ ದಿನಚರಿ ಪುಸ್ತಕ. ಇದರ ಜಾರ್ಜಿಯನ್ ಲಿಪಿ ಕಂಡರೆ ಸಾಕು, ನಾನು ಯಾರೆಂದು ತಿಳಿದುಬಿಡುತ್ತದೆ. ಇದನ್ನೂ ಸುಡಲು ಮಾಚೆಯ್ ಬೆಂಕಿಯ ಪಕ್ಕ ನನ್ನತ್ತ ಕೈಚಾಚಿ ಕುಳಿತಿದ್ದಾನೆ. ಇನ್ನೊಂದೇ ಸಾಲು ಎಂದು ಮೂರು ಸಲ ಹೇಳಿದ್ದಾಯಿತು. ಅಮ್ಮ ಬೆರಳು ಹಿಡಿದು ತಿದ್ದಿಸಿದ ಈ ಅಕ್ಷರಗಳನ್ನು ಇನ್ನು—